ಆಂಪ್ಲಿಫೈಯರ್ ಗುಂಯ್ ಅನ್ನುತ್ತಿದೆ, ಟ್ರಾನ್ಸ್‌ಫಾರ್ಮರ್ ಬದಲಿಸಲೇಬೇಕಾ?

ಪ್ರಶ್ನೆ: ಸರ್, ಅಪ್ಪ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಾಮಾನು ತಂದು ಮಾಡಿಸಿದ ಸ್ಟೀರಿಯೋ ಆಂಪ್ಲಿಫೈಯರ್ ಇದು. ಟ್ರಾನ್ಸ್‌ಫಾರ್ಮರ್ 24-0-24, ಅಂದರೆ ನಡುವಿನ ವೈರಿನಿಂದ ಎರಡೂ ತುದಿಗೆ 24 ವೋಲ್ಟ್ ಎಸಿ. ಒಂದು ತಿಂಗಳಿಂದ ಎರಡೂ ಸ್ಪೀಕರಿನಲ್ಲಿ ಗುಂಯ್ ಸದ್ದು, ಹಾಡು ನಿಲ್ಲಿಸಿದರೂ ಹೋಗುವುದಿಲ್ಲ. ರಿಪೇರಿಯವರು ಟ್ರಾನ್ಸ್‌ಫಾರ್ಮರ್ ಬದಲಿಸಿ ಅಂದರು. ನನಗೆ ಮಲ್ಟಿಮೀಟರ್ ಹಿಡಿಯಲು ಬರುತ್ತದೆ.

ಉತ್ತರ: ಸ್ವಲ್ಪ ತಡೆಯಿರಿ. ಟ್ರಾನ್ಸ್‌ಫಾರ್ಮರ್ ಗುಂಯ್ ಅಂದರೆ ಡಬ್ಬಿಯಿಂದಲೇ ಕೇಳಿಸುತ್ತದೆ, ಸ್ಪೀಕರಿನಿಂದ ಅಲ್ಲ. ವಾಲ್ಯೂಮ್ ಪೂರ್ತಿ ಇಳಿಸಿ ನೋಡಿ. ಸದ್ದೂ ಇಳಿದರೆ ತೊಂದರೆ ಇನ್‌ಪುಟ್ ವೈರಿನಲ್ಲೋ ಅರ್ಥಿಂಗಿನಲ್ಲೋ ಇದೆ.

ಪ್ರಶ್ನೆ: ಇಳಿಯಲಿಲ್ಲ ಸರ್. ಒಂದೇ ಸಮ ಇದೆ.

ಉತ್ತರ: ಎರಡೂ ಕಡೆ ಬರುತ್ತಿದೆ, ವಾಲ್ಯೂಮಿಗೂ ಬಗ್ಗುವುದಿಲ್ಲ, ಹಾಗಾದರೆ ಒಳಗೆ ಡಿಸಿ ಒದಗಿಸುವ ಪವರ್ ಸಪ್ಲೈ ಮೇಲೆಯೇ ಅನುಮಾನ. ನಮ್ಮ ಕರೆಂಟು 50 ಹರ್ಟ್ಜ್, ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಡ್ಜ್ ದಾಟಿದಾಗ ಡಿಸಿ ಮೇಲೆ ಉಳಿಯುವ ಅಲೆ 100 ಹರ್ಟ್ಜ್ ಆಗುತ್ತದೆ, ಅದನ್ನು ತಗ್ಗಿಸುವುದು ಆ ಎರಡು ದೊಡ್ಡ ಕಂಡೆನ್ಸರ್‌ಗಳು. ಸ್ಪೀಕರ್ ವೈರು ಬಿಚ್ಚಿ, ನಡುವಿನ ಗ್ರೌಂಡಿನಿಂದ ಆ ಕಂಡೆನ್ಸರ್‌ಗಳ ಪ್ಲಸ್ ಸಪ್ಲೈ ತುದಿಗೂ ಮೈನಸ್ ಸಪ್ಲೈ ತುದಿಗೂ ಡಿಸಿ ಅಳೆಯಿರಿ. 24 ಇಂಟು 1.414, ಡಯೋಡ್ ನುಂಗುವ ಸುಮಾರು ಒಂದು ವೋಲ್ಟ್ ಕಳೆದರೆ ಎರಡೂ ಕಡೆ ಹತ್ತಿರ ಹತ್ತಿರ 33 ಬರಬೇಕು. ಆಮೇಲೆ ಅದೇ ಜಾಗದಲ್ಲಿ ಎಸಿ ರೇಂಜ್ ಹಾಕಿ, ಉಳಿದ ಅಲೆ ಎಷ್ಟು ಅಂತ ಗೊತ್ತಾಗುತ್ತದೆ. ಅಗ್ಗದ ಕೆಲವು ಮೀಟರ್ ಡಿಸಿಯನ್ನೇ ಎಸಿ ಅಂತ ತೋರಿಸಿ ದಾರಿ ತಪ್ಪಿಸುತ್ತವೆ, ಅದಕ್ಕೆ ಮೊದಲು 9 ವೋಲ್ಟ್ ಬ್ಯಾಟರಿಗೆ ಎರಡೂ ದಿಕ್ಕಿನಲ್ಲಿ ಹಿಡಿದು ನೋಡಿ, ಸೊನ್ನೆ ಬಂದರೆ ನಂಬಬಹುದು. ಒಂದು ಕೈ ಜೇಬಿನಲ್ಲಿರಲಿ, ಒಳಗೆ 230 ವೋಲ್ಟ್ ಇದೆ.

ಪ್ರಶ್ನೆ: ಪ್ಲಸ್ 33.5, ಎಸಿ 0.05. ಮೈನಸ್ ಬರೀ 30, ಎಸಿ 2 ವೋಲ್ಟ್! ಡಯೋಡ್ ಹೋಗಿದೆಯಾ?

ಉತ್ತರ: ಡಯೋಡ್ ಒಂದು ಹೋದರೆ ಅಲೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ನಲವತ್ತು ಪಟ್ಟು ಆಗುವುದಿಲ್ಲ. ಮೈನಸ್ ಕಡೆ ಕಂಡೆನ್ಸರ್ ಒಣಗಿದೆ, ಇಲ್ಲ ಅದರ ಕಾಲಿನ ಸೋಲ್ಡರ್ ಬಿಟ್ಟಿದೆ. ಪ್ಲಗ್ ಕಿತ್ತು, 100 ಓಮ್ 10 ವಾಟ್ ರೆಸಿಸ್ಟರಿನಿಂದ ಐದಾರು ಸೆಕೆಂಡ್ ಒಂದೊಂದು ಕಂಡೆನ್ಸರಿನ ಚಾರ್ಜ್ ಇಳಿಸಿ, ಆಮೇಲೆ ಬೋರ್ಡ್ ತಿರುಗಿಸಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಚಟ ಬೇಡ.

ಪ್ರಶ್ನೆ: ಕಾಲಿನ ಸುತ್ತ ಉಂಗುರದ ಹಾಗೆ ಬಿರುಕು ಇತ್ತು ಸರ್! ಮತ್ತೆ ಸೋಲ್ಡರ್ ಮಾಡಿದೆ. ಸ್ಪೀಕರ್ ಹಾಕಲಾ?

ಉತ್ತರ: ಈಗಲೇ ಬೇಡ. 60 ವಾಟಿನ ಹಳೇ ತಂತಿ ಬಲ್ಬನ್ನು ಆಂಪ್ಲಿಫೈಯರಿಗೆ ಕರೆಂಟು ಬರುವ ವೈರಿಗೆ ಸೀರೀಸಿನಲ್ಲಿ ಹಾಕಿ ಆನ್ ಮಾಡಿ, ಎಲ್‌ಇಡಿ ಆಗುವುದಿಲ್ಲ. ಒಮ್ಮೆ ಮಿಂಚಿ ಮಂಕಾದರೆ ಶಾರ್ಟ್ ಇಲ್ಲ. ಬಲ್ಬು ತೆಗೆದು ಸ್ಪೀಕರ್ ಪಿನ್ನಿನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಹಾಕಿ.