ಕೋಲಾರದ ಬೋರ್‌ವೆಲ್ ಡೇಟಾ ಇಡೋಕೆ ಯಾವ ಓಪನ್ ಸೋರ್ಸ್ ತಂತ್ರಾಂಶ?

ಪ್ರಶ್ನೆ: ನಮಸ್ಕಾರ ಸರ್. ಕೋಲಾರದ ಒಂದು ಚಿಕ್ಕ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ನಮ್ಮ ಕೆರೆಗಳಿಗೆ ಬರಲು ಶುರುವಾಯಿತಲ್ಲ, ಆಗಿನಿಂದ ಸುತ್ತಲಿನ ಬೋರ್‌ವೆಲ್‌ಗಳ ನೀರಿನ ಮಟ್ಟ, ಫ್ಲೋರೈಡ್, ನೈಟ್ರೇಟ್ ಅಳೆದು ಬರೆದಿಡುತ್ತಿದ್ದೇವೆ. ಎಲ್ಲ ಎಕ್ಸೆಲ್‌ನಲ್ಲಿ. ಒಬ್ಬೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಫೈಲು: ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’. ನಿರ್ದೇಶಕರು “ಓಪನ್ ಸೋರ್ಸ್ ಹಾಕಿ, ಪುಕ್ಕಟೆ ಅಲ್ವಾ” ಅಂತಾರೆ. ಡೇಟಾವರ್ಸ್, ಸಿಕ್ಯಾನ್, ಡಿಸ್ಪೇಸ್ ಈ ಮೂರರಲ್ಲಿ ಯಾವುದು ಹಾಕಿಸಲಿ?

ಉತ್ತರ: ಮೇಡಂ, ಸದ್ಯಕ್ಕೆ ಮೂರೂ ಬೇಡ. ಇವೆಲ್ಲ ಸಿದ್ಧವಾದ ಡೇಟಾವನ್ನು ಜೋಡಿಸಿಟ್ಟು ಹೊರಗಿನವರಿಗೆ ಕೊಡುವುದಕ್ಕೆ. ಡಿಸ್ಪೇಸ್ ಪ್ರಬಂಧ, ವರದಿಗಳಿಗೆ ಚೆನ್ನ. ಪಿಎಚ್‌ಡಿ ಪ್ರಬಂಧಗಳ ಶೋಧಗಂಗಾ ಅದರ ಮೇಲೇ ನಡೆಯುತ್ತದೆ. ಸಿಕ್ಯಾನ್ ಸರ್ಕಾರಗಳ ಓಪನ್ ಡೇಟಾ ಪೋರ್ಟಲ್‌ಗಳಲ್ಲಿ ಜಾಸ್ತಿ. ಹಾರ್ವರ್ಡ್‌ನವರ ಡೇಟಾವರ್ಸ್ ಸಂಶೋಧನೆಯ ಡೇಟಾಕ್ಕೇ ಮಾಡಿದ್ದು. ಫೈಲಿನ ಹಳೇ ಆವೃತ್ತಿ ಉಳಿಸುತ್ತದೆ, ಡಿಒಐ (ಡೇಟಾಕ್ಕೆ ಸಿಗುವ ಕಾಯಂ ಗುರುತಿನ ಸಂಖ್ಯೆ) ಕೊಡಿಸಬಹುದು. ಮುಂದೆ ಒಂದು ದಿನ ನಿಮಗೆ ಹೊಂದುವುದು ಅದೇ.

ಆದರೆ ಡೇಟಾವರ್ಸ್ ಅಂದರೆ ಪಯಾರಾ (ಆ್ಯಪ್ ಸರ್ವರ್), ಪೋಸ್ಟ್‌ಗ್ರೆಸ್ (ಡೇಟಾಬೇಸ್), ಸೋಲರ್ (ಹುಡುಕಾಟಕ್ಕೆ) ಮೂರನ್ನೂ ಒಟ್ಟಿಗೆ ಓಡಿಸಬೇಕು. ಅಪ್‌ಗ್ರೇಡ್ ಬಂದಾಗಲೆಲ್ಲ ಲಿನಕ್ಸ್ ಗೊತ್ತಿರುವವರು ಕೂತು ಮಾಡಬೇಕು. ಪುಕ್ಕಟೆ ಆಗಿರುವುದು ಲೈಸೆನ್ಸ್, ಆ ಮನುಷ್ಯನ ಸಂಬಳ ಅಲ್ಲ. ಪ್ರಾಜೆಕ್ಟ್ ಮುಗಿದು ಅವರು ಬಿಟ್ಟು ಹೋದ ಮೇಲೆ ಪಾಸ್‌ವರ್ಡ್ ಕೂಡ ಯಾರಿಗೂ ಗೊತ್ತಿಲ್ಲದ ಸರ್ವರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಾಯಂ ಹುದ್ದೆಯಲ್ಲಿ ಅಂಥವರಿಲ್ಲ ಅಂದರೆ ಹಾಕಿಸಬೇಡಿ. ಪ್ರಕಟಿಸುವ ಡೇಟಾವನ್ನು ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಝೆನೋಡೋ ಎಂಬ ಡೇಟಾ ಭಂಡಾರಕ್ಕೆ ಹಾಕಿ. ಡಿಒಐ ಅಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ನಿಮಗೆ ಈಗ ಬೇಕಿರುವುದು ಬೇರೆ: ಬೋರ್‌ವೆಲ್ ಹತ್ತಿರ ನಿಂತು ಸರಿಯಾಗಿ ಬರೆದುಕೊಳ್ಳುವ ದಾರಿ. ಒಂದು ಕೇಳುತ್ತೇನೆ. ಬೋರ್‌ವೆಲ್ ಬತ್ತಿದ್ದರೆ ನೀರಿನ ಮಟ್ಟದ ಕಾಲಂನಲ್ಲಿ ಏನು ಬರೆಯುತ್ತಾರೆ?

ಪ್ರಶ್ನೆ ಕೇಳಿದವರು: ಈಗ ತೆಗೆದು ನೋಡಿದೆ ಸರ್. ಕೆಲವರು ಖಾಲಿ ಬಿಟ್ಟಿದ್ದಾರೆ. ಕೆಲವರು 0 ಹಾಕಿದ್ದಾರೆ.

ಉತ್ತರ: ಅದೇ ಅಂದುಕೊಂಡೆ. ನೀವು ಅಳೆಯುವುದು ನೆಲದಿಂದ ನೀರು ಎಷ್ಟು ಕೆಳಗಿದೆ ಅಂತ. ಅಲ್ಲಿ 0 ಅಂದರೆ ನೀರು ನೆಲದ ಮಟ್ಟಕ್ಕೇ ಬಂದಿದೆ ಅಂತ ಅರ್ಥ! ಬತ್ತಿದ ಬೋರ್‌ವೆಲ್‌ಗಳೆಲ್ಲ ಸರಾಸರಿಯಲ್ಲಿ ಉಕ್ಕಿ ಹರಿಯುತ್ತವೆ. ಕೆರೆ ತುಂಬಿದ್ದರಿಂದ ಅಂತರ್ಜಲ ಏರಿತು ಅಂತ ಪೇಪರ್ ಬರೆದರೆ, ಆ ಏರಿಕೆಯಲ್ಲಿ ಈ ಸೊನ್ನೆಗಳ ಪಾಲು ಎಷ್ಟು ಅಂತ ಯಾರಿಗೆ ಗೊತ್ತು? ಫ್ಲೋರೈಡ್‌ನಲ್ಲೂ ಹೀಗೇ. ಯಂತ್ರಕ್ಕೆ ಸಿಗದಷ್ಟು ಕಡಿಮೆ ಇರುವುದು ಬೇರೆ, ಅಳೆಯದೇ ಬಿಟ್ಟಿದ್ದು ಬೇರೆ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಆ 1.5 ಅನ್ನು ಅವಸರದಲ್ಲಿ 15 ಅಂತ ಒತ್ತಿದರೂ ಎಕ್ಸೆಲ್ ಸುಮ್ನೆ ತೆಗೆದುಕೊಳ್ಳುತ್ತದೆ.

ಇದಕ್ಕೆ ಒಡಿಕೆ ಅಥವಾ ಕೋಬೋ ಅನ್ನುವ ಫಾರಂ ತಂತ್ರಾಂಶ ಬಳಸಿ. ಎರಡೂ ಓಪನ್ ಸೋರ್ಸ್. ಫಾರಂ ಕನ್ನಡದಲ್ಲೇ ಮಾಡಬಹುದು, ಸಿಗ್ನಲ್ ಇಲ್ಲದ ಕಡೆಯೂ ಮೊಬೈಲ್‌ನಲ್ಲಿ ತುಂಬಬಹುದು. ‘ಬೋರ್‌ವೆಲ್ ಬತ್ತಿದೆಯಾ?’ ಅಂತ ಮೊದಲು ಕೇಳಿಸಿ. ಹೌದು ಅಂದರೆ ಮಟ್ಟದ ಪ್ರಶ್ನೆ ಕಾಣಿಸಲೇಬಾರದು.

ತುಮಕೂರಿನ ಗ್ರಂಥಪಾಲಕರೊಬ್ಬರು: ಡೇಟಾ ತುಂಬಿಸೋಕೆ ಬಳಸುವ ರೆಡ್‌ಕ್ಯಾಪ್ ಕೂಡ ಫ್ರೀ ಅಲ್ವಾ ಸರ್?

ಉತ್ತರ: ಲಾಭರಹಿತ ಸಂಸ್ಥೆಗಳಿಗೆ ಪುಕ್ಕಟೆ, ಆದರೆ ಓಪನ್ ಸೋರ್ಸ್ ಅಲ್ಲ. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಆಸ್ಪತ್ರೆ ಸಂಶೋಧನೆಗೆ ಒಳ್ಳೆಯದು.

ಪ್ರಶ್ನೆ ಕೇಳಿದವರು: ಹಳೇ ಫೈಲುಗಳಲ್ಲಿ ಊರಿನ ಹೆಸರು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾರೆ. ಸಿಎಸ್‌ವಿ (ಸಾದಾ ಪಠ್ಯದ ಫೈಲು) ಮಾಡಿದರೆ ಏನೇನೋ ಅಕ್ಷರ ಬರುತ್ತದೆ.

ಉತ್ತರ: ಅದು ಯೂನಿಕೋಡ್ ಅಲ್ಲದ ಹಳೇ ಫಾಂಟ್. ಸಿಎಸ್‌ವಿ ಮಾಡುವ ಮೊದಲೇ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿ. ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಲ್ಲೇ ನೋಡಿ, ಎಡವಟ್ಟಾಗುವುದು ಅಲ್ಲೇ. ಆಮೇಲೆ ಡೇಟಾ ಶುದ್ಧ ಮಾಡುವ ಓಪನ್‌ರಿಫೈನ್ ತಂತ್ರಾಂಶಕ್ಕೆ ಹಾಕಿ. ಮುಳಬಾಗಿಲು, ಮುಳಬಾಗಲು, ಮುಳುಬಾಗಿಲು ಅಂತ ಚದುರಿರುವುದನ್ನು ಗುಂಪು ಮಾಡಿ ತೋರಿಸುತ್ತದೆ. ಒಪ್ಪುವುದು ಬಿಡುವುದು ನಿಮ್ಮ ಕೈಯಲ್ಲಿ. ನಿಮ್ಮ ಕಂಪ್ಯೂಟರ್‌ನಲ್ಲೇ ಓಡುವುದರಿಂದ ಡೇಟಾ ಹೊರಗೆ ಹೋಗುವುದಿಲ್ಲ. ಕೊನೆಗೆ ಪ್ರತಿ ಊರಿಗೂ ಪಂಚಾಯತ್ ರಾಜ್ ಸಚಿವಾಲಯದ ಎಲ್‌ಜಿಡಿ ಕೋಡ್ (ಊರಿನ ಸರ್ಕಾರಿ ಗುರುತಿನ ಸಂಖ್ಯೆ) ಹಾಕಿಬಿಡಿ. ಒಂದೇ ಹೆಸರಿನ ಹಳ್ಳಿಗಳು ನಮ್ಮ ಕಡೆ ಕಡಿಮೆಯೇನಿಲ್ಲ.

ಪ್ರಶ್ನೆ ಕೇಳಿದವರು: ಓಪನ್ ಅಂದರೆ ನಮ್ಮ ಡೇಟಾ ಎಲ್ಲರಿಗೂ ಕಾಣುತ್ತದಾ ಅಂತ ನಿರ್ದೇಶಕರಿಗೆ ಭಯ. ಸರ್ವರ್ ಎಲ್ಲಿಡಲಿ? ನಮ್ಮಲ್ಲಿ ಕರೆಂಟ್ ಹೋಗ್ತಾ ಇರುತ್ತದೆ.

ಉತ್ತರ: ಓಪನ್ ಇರುವುದು ತಂತ್ರಾಂಶದ ಕೋಡ್. ಡೇಟಾ ಯಾರಿಗೆ ತೋರಿಸಬೇಕು ಅನ್ನುವುದು ನಿಮ್ಮ ತೀರ್ಮಾನ. ಕೇಂದ್ರ ಸರ್ಕಾರವೇ 2015ರಲ್ಲಿ ಓಪನ್ ಸೋರ್ಸ್ ನೀತಿ ತಂದಿದೆ, ಟಿಪ್ಪಣಿಯಲ್ಲಿ ಆ ಸಾಲು ಸೇರಿಸಿ, ಕಡತ ಬೇಗ ಸಾಗುತ್ತದೆ. ಆದರೆ ರೈತರ ಹೆಸರು, ಫೋನ್ ನಂಬರ್ ಬೇರೆ ಟೇಬಲ್‌ನಲ್ಲಿಡಿ. ವೈಯಕ್ತಿಕ ಡೇಟಾ ರಕ್ಷಣೆಗೆ 2023ರ ಕಾಯ್ದೆ ಇದೆ.

ಸರ್ವರ್‌ಗೆ ಯುಪಿಎಸ್ ಇರುವ ಒಂದು ಸಾಧಾರಣ ಡೆಸ್ಕ್‌ಟಾಪ್, ಅದರಲ್ಲಿ ಪೋಸ್ಟ್‌ಗ್ರೆಸ್ ಸಾಕು. ದಿನಾ ರಾತ್ರಿ ತಾನಾಗೇ ಬ್ಯಾಕಪ್ ಆಗಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ತಿಂಗಳಿಗೊಮ್ಮೆ ಆ ಬ್ಯಾಕಪ್ ಅನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ಓದಿಸಿ ನೋಡಿ. ಮೊದಲು ಒಂದು ತಾಲ್ಲೂಕಿನ ಫೈಲು ಹಿಡಿಯಿರಿ. ಸೊನ್ನೆಗಳ ಲೆಕ್ಕ ಸಿಕ್ಕ ಮೇಲೆ ಇಲ್ಲೇ ಹಾಕಿ, ಫಾರಂ ಹೇಗಿರಬೇಕು ಅಂತ ನೋಡೋಣ.