ಪತ್ತೇದಾರಿ ಪುಸ್ತಕದ ಪರಿಚಯ ಬರೆಯುವಾಗ ಕಥೆ ಎಲ್ಲಿಗೆ ನಿಲ್ಲಿಸಬೇಕು?

ಪ್ರಶ್ನೆ

ಇಲ್ಲಿ ಹೆಚ್ಚು ಜನ ಓದಿರದ ಕ್ರೈಮ್ ಥ್ರಿಲ್ಲರ್‌ಗಳನ್ನ ಕನ್ನಡದಲ್ಲಿ ಪರಿಚಯಿಸಬೇಕು ಅಂತಿದೀನಿ, ಒಂದೊಂದಕ್ಕೆ 300 ಪದ. ಮೊದಲನೇದು ಸ್ವೀಡನ್ನಿನ ‘ರೋಸಿಯಾನಾ’ (1965), ಮಾಯ್ ಶೋವಾಲ್ ಮತ್ತು ಪೆರ್ ವಾಲೊ ಸೇರಿ ಬರೆದದ್ದು. ಕಥೆ ಎಲ್ಲೀವರೆಗೆ ಹೇಳಬಹುದು? ‘ಕೊನೇಲಿ ತಿರುವಿದೆ’ ಅನ್ನೋದೂ ಗುಟ್ಟು ಒಡೆದ ಹಾಗೇನಾ? ಕೊನೆ ಚೆನ್ನಾಗಿಲ್ಲದ ಪುಸ್ತಕವನ್ನ ಕೊನೆ ಹೇಳದೆ ಟೀಕಿಸೋದು ಹೇಗೆ? ಸದ್ಯ ಬರೆದಿರೋ ಪ್ಯಾರಾ ಇದು:

“ಕಾಲುವೆಯ ಹೂಳೆತ್ತುವಾಗ ಹೆಂಗಸೊಬ್ಬಳ ಶವ ಸಿಗುತ್ತದೆ. ಅವಳು ಯಾವ ದೇಶದವಳು, ಅಲ್ಲಿಗೆ ಹೇಗೆ ಬಂದಳು ಎಂಬುದನ್ನು ಪೊಲೀಸ್ ಪತ್ತೇದಾರ ಮಾರ್ಟಿನ್ ಬೆಕ್ ಪತ್ತೆ ಹಚ್ಚುತ್ತಾನೆ. ಉಸಿರು ಬಿಗಿಹಿಡಿದು ಓದಿಸಿಕೊಳ್ಳುವ ಈ ಥ್ರಿಲ್ಲರ್‌ನ ಕೊನೆಯನ್ನು ಯಾರೂ ಊಹಿಸಲಾರರು. ಕೊಲೆಗಾರ ಸಿಕ್ಕಿಬೀಳುವ ದೃಶ್ಯವಂತೂ ಅದ್ಭುತ!”

ಉತ್ತರ 1

ಪುಸ್ತಕದ ಮೊದಲ ಐದನೇ ಒಂದು ಭಾಗ ದಾಟಬೇಡಿ. 250 ಪುಟ ಇದ್ರೆ 50ನೇ ಪುಟದವರೆಗೆ ನಡೆದದ್ದು ಮಾತ್ರ. ಹಿಂಬದಿ ರಕ್ಷಾಪುಟದಲ್ಲಿ ಇದೆಯಲ್ಲ ಅಂತ ನಂಬಿಕೊಂಡು ಬರೀಬೇಡಿ. ಪುಸ್ತಕದ ನಡುವೆ ಬರೋ ಎರಡನೇ ಕೊಲೆಯನ್ನೂ ಪ್ರಕಾಶಕರು ಅಲ್ಲೇ ಹಾಕಿಬಿಟ್ಟಿರ್ತಾರೆ.

ತಿರುವಿದೆ ಅಂದ್ರೆ ಗುಟ್ಟು ಒಡೆದ ಹಾಗೇ. ಓದುಗರು ಮೊದಲ ಪುಟದಿಂದಲೇ ಯಾರ ಮೇಲೆ ಅನುಮಾನ ಇಲ್ಲವೋ ಅವರನ್ನೇ ನೋಡ್ತಾ ಕೂರ್ತಾರೆ. ಹೊಗಳಿಕೆಯಲ್ಲೂ ಇದೇ ಅಪಾಯ. ಹನ್ನೆರಡು ಪಾತ್ರಗಳಲ್ಲಿ ಎರಡೇ ಸಲ ಬಂದುಹೋಗೋ ಡಾಕ್ಟರ್ ಬಗ್ಗೆ ‘ಸೊಗಸಾದ ಪಾತ್ರ’ ಅಂದ್ರೆ ಜಾಣ ಓದುಗರಿಗೆ ಅಷ್ಟೇ ಸಾಕು. ಹೊಗಳೋದಾದ್ರೆ ಪತ್ತೇದಾರನನ್ನ ಹೊಗಳಿ, ಊರನ್ನ ಹೊಗಳಿ. ‘ಇಂಥ ಪುಸ್ತಕದ ಹಾಗೇ ಇದರ ಕೊನೆ’ ಅಂತ ಹೋಲಿಸಿದ್ರಂತೂ ಎರಡು ಪುಸ್ತಕ ಒಟ್ಟಿಗೆ ಕೆಡುತ್ತೆ.

ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ತಲೆನೋವಿದೆ. ಇಂಗ್ಲಿಷ್ ಕ್ರಿಯಾಪದದಲ್ಲಿ ಗಂಡು-ಹೆಣ್ಣು ಇಲ್ಲ. ನಮ್ಮಲ್ಲಿ ‘ಓಡಿದ’, ‘ಓಡಿದಳು’ ಅಂದ ತಕ್ಷಣ ಅರ್ಧ ಜನ ಅನುಮಾನದಿಂದ ಪಾರು. ನೀವು ಬರೆದ ‘ಕೊಲೆಗಾರ ಸಿಕ್ಕಿಬೀಳುವ’ ಅನ್ನೋದೇ ಗಂಡಸು ಅಂತ ಹೇಳಿದಂತಾಯ್ತು, ಜೊತೆಗೆ ಒಬ್ಬನೇ ಅಂತಲೂ. ‘ಕೊಲೆ ಮಾಡಿದವರು’, ‘ಈ ಕೈವಾಡ’, ‘ಕೊಲೆಯ ಹಿಂದಿರುವವರು’ ಅಂತ ಬಹುವಚನಕ್ಕೋ ವಸ್ತುವಿಗೋ ತಿರುಗಿಸಿ. ಹೆಸರಿಲ್ಲದ ಪಾತ್ರವೊಂದು ಮಾತಾಡೋ ಅಧ್ಯಾಯ ಇದ್ರೆ ಅದರ ವಿಷಯ ಬರೆಯುವಾಗಲೂ ‘ಅವನು’ ಬೇಡ. ಉತ್ತಮ ಪುರುಷದಲ್ಲಿ ಮಾತ್ರ ನಮ್ಮ ಭಾಷೆ ಕಾಪಾಡುತ್ತೆ, ‘ನಾನು ಬಂದೆ’ ಅಂದ್ರೆ ಯಾರಂತ ಗೊತ್ತಾಗಲ್ಲ.

ಉತ್ತರ 2

ನಿಮ್ಮ ಪ್ಯಾರಾದಲ್ಲಿ ‘ಯಾವ ದೇಶದವಳು’ ಮೊದಲು ತೆಗೀರಿ. ಸತ್ತವಳ ಹೆಸರು ಶೀರ್ಷಿಕೆಯಲ್ಲೇ ಇದೆ, ಅದು ಗುಟ್ಟಲ್ಲ. ಅವಳು ಎಲ್ಲಿಂದ ಬಂದವಳು ಅನ್ನೋದು ಗುಟ್ಟು. ಕಾಣೆಯಾಗಿದ್ದಾಳೆ ಅಂತ ಒಂದು ದೂರೂ ಇಲ್ಲ, ಗುರುತು ಸಿಗೋದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತೆ. ಓದುಗರೂ ಪೊಲೀಸರ ಜೊತೆ ಕಾಯಬೇಕು, ಪುಸ್ತಕದ ರುಚಿ ಇರೋದೇ ಅಲ್ಲಿ.

ಅದಕ್ಕಿಂತ ದೊಡ್ಡ ತಪ್ಪು ‘ಉಸಿರು ಬಿಗಿಹಿಡಿದು’. ಈ ಪುಸ್ತಕ ನಿಧಾನ, ಬೇಕಂತಲೇ ನಿಧಾನ. ಮೊಬೈಲ್ ಇಲ್ಲ, ಕಂಪ್ಯೂಟರ್ ಇಲ್ಲ. ಟಪಾಲು, ಫೋನು, ಪ್ರಯಾಣಿಕರ ಪಟ್ಟಿ, ಮತ್ತೆ ಮತ್ತೆ ಅದೇ ವಿಚಾರಣೆ. ಬೆಕ್‌ಗೆ ಶೀತ, ಹೊಟ್ಟೆನೋವು ಬೇರೆ. ಓಟದ ಕಥೆ ಅಂತ ಕೊಂಡವರು 60ನೇ ಪುಟಕ್ಕೆ ಮಡಚಿಟ್ಟು ನಿಮ್ಮನ್ನ ಬೈತಾರೆ. ಕೊಲೆ ಮಾಡಿದವರು ಯಾರು ಅನ್ನೋ ಆಶ್ಚರ್ಯದ ಮೇಲೆ ನಿಂತ ಪುಸ್ತಕವೇ ಅಲ್ಲ, ಹಾಗಾಗಿ ‘ಯಾರೂ ಊಹಿಸಲಾರರು’ ಅನ್ನೋದು ಸುಳ್ಳೂ ಹೌದು. ಗುಟ್ಟು ಕಾಯೋದಕ್ಕಿಂತ ಪುಸ್ತಕದ ನಡಿಗೆ ಎಂಥದ್ದು ಅಂತ ಸರಿಯಾಗಿ ಹೇಳೋದೇ ಪರಿಚಯದ ಮುಖ್ಯ ಕೆಲಸ ಅಂತ ನನ್ನ ಲೆಕ್ಕ.

ಲೈಂಗಿಕ ಹಿಂಸೆಯ ವಿವರ ಇದೆ ಅಂತ ಒಂದು ಸಾಲು ಇರಲಿ. ಅದು ಗುಟ್ಟು ಒಡೆದ ಹಾಗಾಗಲ್ಲ.

ಉತ್ತರ 3

ಕಡಿಮೆ ಜನಕ್ಕೆ ಗೊತ್ತಿರೋ ಪುಸ್ತಕ ಅಂದ ಮೇಲೆ ಕೊನೇಲಿ ವಿವರದ ಸಾಲು ಬೇಕೇ ಬೇಕು: ಮೂಲ ಭಾಷೆ, ಮೂಲ ವರ್ಷ, ಅನುವಾದಕರ ಹೆಸರು, ಪುಟ, ಸರಣಿಯಲ್ಲಿ ಎಷ್ಟನೇದು. ರೋಸಿಯಾನಾಗೆ: ಮೂಲ ಸ್ವೀಡಿಷ್, 1965ರಿಂದ 1975ರವರೆಗೆ ಬಂದ ಹತ್ತು ಪುಸ್ತಕಗಳಲ್ಲಿ ಮೊದಲನೇದು.

ಅನುವಾದ ಬಂದ ಕ್ರಮವನ್ನ ಕಣ್ಮುಚ್ಚಿ ನಂಬಬೇಡಿ. ನಾರ್ವೆಯ ಲೇಖಕ ಜೋ ನೆಸ್ಬೊ ಅವರ ಪತ್ತೇದಾರಿ ಸರಣಿಯಲ್ಲಿ ಇಂಗ್ಲಿಷಿಗೆ ಮೊದಲು ಬಂದದ್ದು ಐದನೇ ಪುಸ್ತಕ ‘ದಿ ಡೆವಿಲ್ಸ್ ಸ್ಟಾರ್’ (2005). ಮೂರನೇದು 2006ರಲ್ಲಿ, ನಾಲ್ಕನೇದು 2008ರಲ್ಲಿ, ಮೊದಲನೇದು 2012ರಲ್ಲಿ! ಮೂರರಲ್ಲಿ ಶುರುವಾದ ಎಳೆಯೊಂದು ಮುಗಿಯೋದು ಐದರಲ್ಲಿ. ಇಂಗ್ಲಿಷ್ ವರ್ಷ ನೋಡಿ ಓದಿದವರಿಗೆ ಆ ಎಳೆ ಹೋಯ್ತು. ಶೀರ್ಷಿಕೆ ಬದಲಾಗೋದೂ ಉಂಟು: ಅಗಾಥಾ ಕ್ರಿಸ್ಟಿಯ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ 1934ರಲ್ಲಿ ಅಮೆರಿಕದಲ್ಲಿ ‘ಮರ್ಡರ್ ಇನ್ ದಿ ಕ್ಯಾಲೆ ಕೋಚ್’ ಆಗಿತ್ತು. ಎರಡೂ ಹೆಸರು ಹಾಕದಿದ್ರೆ ಒಂದೇ ಪುಸ್ತಕವನ್ನ ಎರಡು ಸಲ ಕೊಳ್ಳೋರು ಇರ್ತಾರೆ.

ಮುಂದೆ ಎನ್. ನರಸಿಂಹಯ್ಯನವರ ಕಾಲದ ಕನ್ನಡ ಪತ್ತೇದಾರಿಗಳಿಗೆ ಕೈ ಹಾಕೋದಾದ್ರೆ, ಹಳೇ ಪ್ರತಿಯ ಕೊನೇ ಪುಟ ಇದೆಯಾ ಅಂತ ನೋಡಿ ಆಮೇಲೆ ಶುರುಮಾಡಿ. ಸ್ಕ್ಯಾನ್ ಪ್ರತಿಯಾದ್ರೆ ಪುಟಸಂಖ್ಯೆ ಎಣಿಸಿ, ನಡುವೆ ಎರಡು ಪುಟ ಹಾರಿರುತ್ತೆ, ಸುಳಿವು ಇದ್ದದ್ದು ಅಲ್ಲೇ ಆಗಿರಬಹುದು. ಮುದ್ರಣದ ವರ್ಷ ಇಲ್ಲದಿದ್ರೆ ಬೆಲೆ ನೋಡಿ ಅಂದಾಜು ಕಟ್ಟಬೇಡಿ, ‘ವರ್ಷ ನಮೂದಿಸಿಲ್ಲ’ ಅಂತ ಬರೀರಿ.

ಉತ್ತರ 4

ಟೀಕೆಯ ಪ್ರಶ್ನೆ ಉಳೀತು. ಓದಿ ಮುಗಿಸಿದ ಮೇಲೆ ಪೆನ್ಸಿಲ್ ಹಿಡಿದು ಮೊದಲ ನೂರು ಪುಟ ಮತ್ತೆ ತಿರುವಿಹಾಕಿ. ಕೊನೆಗೆ ಆಧಾರವಾದ ಸುಳಿವು ಎಲ್ಲೆಲ್ಲಿದೆ, ಗುರುತು ಹಾಕಿ. ಪತ್ತೇದಾರನಿಗೆ ಸಿಕ್ಕ ಸುಳಿವನ್ನ ಓದುಗರಿಂದ ಮುಚ್ಚಿಡಬಾರದು ಅನ್ನೋದು ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಇಂಥ ಕಥೆಗಳಿಗಾಗಿ 1929ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಒಂದು, ಇವತ್ತಿಗೂ ಒಳ್ಳೇ ಅಳತೆಗೋಲು. ಒಂದು ಸುಳಿವೂ ಸಿಗದಿದ್ರೆ ‘ತಾವೇ ಬಿಡಿಸಬೇಕು ಅನ್ನೋರಿಗೆ ಈ ಪುಸ್ತಕ ನಿರಾಸೆ’ ಅನ್ನಿ. ಯಾರು, ಯಾಕೆ ಅನ್ನೋದು ಹೊರಗೆ ಬರಲ್ಲ, ದೂರು ಮಾತ್ರ ಮುಟ್ಟುತ್ತೆ. ಮಾಡಿದವರು ಕೊನೇ ಕಾಲುಭಾಗದಲ್ಲಿ ಮೊದಲ ಸಲ ಕಾಣಿಸಿಕೊಂಡ್ರು ಅಂತ ಮಾತ್ರ ಬರೀಬೇಡಿ, ಅದು ಬೆರಳು ಮಾಡಿ ತೋರಿಸಿದ ಹಾಗೆ.

ಪ್ರಶ್ನೆ ಕೇಳಿದವರು

ತಿದ್ದಿದ್ದೀನಿ, ನೋಡಿ:

“ಜುಲೈ ತಿಂಗಳು. ಗೋಟಾ ಕಾಲುವೆಯ ಹೂಳೆತ್ತುವ ಯಂತ್ರಕ್ಕೆ ಹೆಂಗಸೊಬ್ಬಳ ಶವ ಸಿಗುತ್ತದೆ. ಮೈಮೇಲೆ ಬಟ್ಟೆಯಿಲ್ಲ, ಕಾಣೆಯಾದವರ ಪಟ್ಟಿಯಲ್ಲಿ ಅವಳಿಲ್ಲ. ಸ್ಟಾಕ್‌ಹೋಮಿನಿಂದ ಬಂದ ಮಾರ್ಟಿನ್ ಬೆಕ್ ಕಾಯುತ್ತಾನೆ. ಓಡುವ ಕಥೆ ಬೇಕಾದವರಿಗೆ ಇದು ಒಗ್ಗದು. ಪೊಲೀಸರ ದಿನದ ಕೆಲಸ ಹೇಗಿರುತ್ತದೆಂದು ನೋಡಬೇಕಾದವರು ಮೊದಲ ಮೂರು ಅಧ್ಯಾಯ ಓದಿ ನಿರ್ಧರಿಸಿ.”

ಉತ್ತರ 2

ಈಗ ಸರಿಯಾಯ್ತು. ಹಿಂಸೆಯ ಎಚ್ಚರಿಕೆ ಸಾಲು ಬಿಟ್ಟುಹೋಗಿದೆ, ಸೇರಿಸಿ ಹಾಕಿಬಿಡಿ.