ಸಹಾಯ ಬೇಕು: ಬೆಕ್ಕು ಕಚ್ಚಿದ ಕಾರ್ನ್ ಸ್ನೇಕ್‌ಗೆ ಇಂಜೆಕ್ಷನ್ ಈಗಲೇ ಕೊಡಿಸ್ಬೇಕಾ?

ಸಾಕಿದ ಕಾರ್ನ್ ಸ್ನೇಕ್, ತೂಕ 310 ಗ್ರಾಂ. ನಿನ್ನೆ ರಾತ್ರಿ ಬೆಕ್ಕು ಕಚ್ಚಿದೆ. ತಲೆಯಿಂದ ಸುಮಾರು ಮೂರನೇ ಒಂದು ಭಾಗ ಕೆಳಗೆ, ಪಕ್ಕೆ ಮೇಲೆ ಎರಡು ಹಲ್ಲಿನ ತೂತು. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತೆ. ಆದ್ರೆ ಬೆಕ್ಕಿನ ಹಲ್ಲು ಆಳಕ್ಕೆ ಇಳಿದು ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾನ ಒಳಗೇ ಬಿಟ್ಟಿರುತ್ತೆ, ಮೇಲಿನ ಚರ್ಮ ಬೇಗ ಮುಚ್ಕೊಳ್ಳುತ್ತೆ. ಹಾವಲ್ಲಿ ಕೀವು ಗಟ್ಟಿಯಾಗಿ ಗಂಟು ಕಟ್ಟೋದ್ರಿಂದ ಸೋರೋದೂ ಇಲ್ಲ.

ಇಲ್ಲೀತನಕ ಮಾಡಿದ್ದು: ಪೊವಿಡೋನ್ ಅಯೋಡಿನ್‌ನ ತೆಳು ಚಹಾ ಬಣ್ಣಕ್ಕೆ ಬರೋಷ್ಟು ನೀರು ಬೆರೆಸಿ ತೊಳೆದಿದ್ದು. ಹೈಡ್ರೋಜನ್ ಪೆರಾಕ್ಸೈಡ್ ಮುಟ್ಟಿಲ್ಲ, ಅದು ಒಳ್ಳೆ ಮಾಂಸವನ್ನೂ ಸುಡುತ್ತೆ. ಮರದ ಪುಡಿ ತೆಗೆದು ಟಿಶ್ಯೂ ಪೇಪರ್ ಹಾಸಿದೆ. ಬೆಚ್ಚಗಿನ ಬದಿ 30 ಡಿಗ್ರಿ ಸೆಲ್ಸಿಯಸ್. ಇಲಿ ಕೊಟ್ಟಿಲ್ಲ.

ಸಿಕ್ಕ ವೈದ್ಯರು ನಾಯಿ-ಬೆಕ್ಕು ಮಾತ್ರ ನೋಡೋರು, ಆದ್ರೂ ಚಿಕಿತ್ಸೆಗೆ ಒಪ್ಪಿದ್ದಾರೆ (ಅದೇ ದೊಡ್ಡದು). ಸೆಫ್ಟಾಜಿಡೀಮ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಕಿಲೋಗೆ 20 ಮಿಲಿಗ್ರಾಂ, 72 ಗಂಟೆಗೊಮ್ಮೆ, ದೇಹದ ಮುಂಭಾಗದ ಸ್ನಾಯುವಿಗೆ ಅಂತ ನಾನೇ ಅವರಿಗೆ ತೋರಿಸಿದೆ. ಈ ತೂಕಕ್ಕೆ 6.2 ಮಿಲಿಗ್ರಾಂ ಆಗುತ್ತೆ. ಅವರು ಊತ ಬಂದ್ಮೇಲೆ ನೋಡೋಣ ಅಂತಾರೆ.

ಗೊಂದಲ ಇರೋದು ಇಲ್ಲೇ. ಗಾಯ ಶ್ವಾಸಕೋಶ ಇರೋ ಜಾಗದಲ್ಲಿದೆ. ತೂತಿಂದ ಗಾಳಿ ಗುಳ್ಳೆ ಬರ್ತಿಲ್ಲ, ಆದ್ರೆ ಬೆಳಗ್ಗೆಯಿಂದ ಎರಡು ಸಲ ಬಾಯಿ ತೆರೆದು ಉಸಿರಾಡಿದೆ.

ಹಾವಿನ ಚಿಕಿತ್ಸೆ ಗೊತ್ತಿರೋರು ಹೇಳಿ: ಊತಕ್ಕೆ ಕಾಯದೆ ಇವತ್ತೇ ಮೊದಲ ಡೋಸ್ ಕೊಡಿಸ್ಬೇಕಾ, ಅಥವಾ ಮೊದಲು ಎಕ್ಸ್‌ರೇ ಆಗ್ಬೇಕಾ?